ಪತ್ರಕರ್ತರ ಸಂಸತ್ಪ್ರವೇಶ: ಕರ್ನಾಟಕ

ವೃತ್ತಪತ್ರಿಕೆಯ ಸಂಪಾದನೆ, ವರದಿಗಾರಿಕೆ ಅಥವಾ ಅಂಕಣ ಬರೆಹವನ್ನು ಜೀವನದ ಮುಖ್ಯ ವೃತ್ತಿಯಾಗಿ ನಡೆಸಿ, ಆ ವೃತ್ತಿಯಿಂದಲೇ ಸಾರ್ವಜನಿಕ ಪರಿಚಯವನ್ನು ಸಂಪಾದಿಸಿದ ವ್ಯಕ್ತಿಯು ಚುನಾವಣೆಯಿಂದಾಗಲಿ ರಾಷ್ಟ್ರಪತಿಗಳ ನಾಮಕರಣದಿಂದಾಗಲಿ ಲೋಕಸಭೆ ಅಥವಾ ರಾಜ್ಯಸಭೆಯ ಸದಸ್ಯತ್ವವನ್ನು ಪಡೆಯುವುದಕ್ಕೆ ಪತ್ರಕರ್ತರ ಸಂಸತ್ಪ್ರವೇಶವೆಂದು ಹೆಸರು. ಕರ್ನಾಟಕದಲ್ಲಿ ಇದರ ಚರಿತ್ರೆಯು ಸ್ವಾತಂತ್ರ್ಯ ಹಾಗೂ ಏಕೀಕರಣದ ಚಳವಳಿಗಳ ಕಾಲದ ಸಂಪಾದಕರಿಂದ ಮೊದಲಾಗಿ, ಇಪ್ಪತ್ತೊಂದನೆಯ ಶತಮಾನದ ಅಂಕಣಕಾರರವರೆಗೆ ಹಬ್ಬಿದೆ. ಪ್ರಸ್ತುತ ಲೇಖನವು ರಾಜ್ಯದ ಒಟ್ಟು ವೃತ್ತಾಂತವನ್ನು ಕೊಡುತ್ತ, ಕಳಸಾಪುರ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಗಳನ್ನೊಳಗೊಂಡ ಹಳೆಯ ಧಾರವಾಡ ಜಿಲ್ಲೆಯ ಭಾಗವನ್ನು ಹೆಚ್ಚು ವಿವರವಾಗಿ ಗಮನಿಸುತ್ತದೆ.

ಪರಿಭಾಷೆ

ಪತ್ರಕರ್ತನೆಂದು ಯಾರನ್ನು ಕರೆಯಬೇಕೆಂಬ ವಿಷಯದಲ್ಲಿ 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆಯು ಒಂದು ಸ್ಪಷ್ಟವಾದ ಗೆರೆಯನ್ನು ಹಾಕಿತು. ಪತ್ರಿಕಾವೃತ್ತಿಯೇ ಮುಖ್ಯ ಉದ್ಯೋಗವಾಗಿರತಕ್ಕ ಸಂಪಾದಕ, ಅಗ್ರಲೇಖಕ, ಉಪಸಂಪಾದಕ, ವರದಿಗಾರ, ಬಾತ್ಮೀದಾರ, ವ್ಯಂಗ್ಯಚಿತ್ರಕಾರ, ಛಾಯಾಗ್ರಾಹಕ, ಕರಡು ತಿದ್ದುವವ ಇವರೆಲ್ಲರೂ ಆ ಗೆರೆಯ ಒಳಗೆ ಬರುತ್ತಾರೆ. ಆಡಳಿತ ಮತ್ತು ವ್ಯವಸ್ಥಾಪನೆಯ ಕೆಲಸವನ್ನೇ ಪ್ರಧಾನವಾಗಿ ಮಾಡುವವರು ಹೊರಗುಳಿಯುತ್ತಾರೆ. ಪತ್ರಿಕೆಯ ಒಡೆಯನು ಲೇಖನಿಯನ್ನೇ ಹಿಡಿಯದೆ ಬಂಡವಾಳವನ್ನು ಮಾತ್ರ ಹೂಡಿದವನಾದರೆ ಅವನನ್ನು ಪತ್ರೋದ್ಯಮಿಯೆನ್ನುವುದೇ ಯುಕ್ತ. ಈ ಲೇಖನದಲ್ಲಿ ಪತ್ರಕರ್ತ ಮತ್ತು ಪತ್ರೋದ್ಯಮಿ ಎಂಬೆರಡನ್ನೂ ಬೇರೆಬೇರೆಯಾಗಿಯೇ ಬಳಸಲಾಗಿದೆ. ಸ್ವಾತಂತ್ರ್ಯಪೂರ್ವದ ಸಂಪಾದಕರಲ್ಲಿ ಮಾತ್ರ ಈ ವಿಂಗಡಣೆ ನಿಲ್ಲದು. ಅವರು ತಮ್ಮ ಪತ್ರಿಕೆಗೆ ತಾವೇ ಒಡೆಯರೂ ಬರೆಹಗಾರರೂ, ಅನೇಕ ವೇಳೆ ಅಚ್ಚುಕೂಟದ ಮೇಲ್ವಿಚಾರಕರೂ ಆಗಿದ್ದರು. ವಿಧಾನಸಭೆ, ವಿಧಾನ ಪರಿಷತ್ತುಗಳಿಗೆ ಹೋದ ಪತ್ರಕರ್ತರು ಇಲ್ಲಿಯ ವಿಷಯವಲ್ಲ.

ಮೂಲ

ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವು 1843ರಲ್ಲಿ ಹರ್ಮನ್ ಮೊಗ್ಲಿಂಗರ ಸಂಪಾದಕತ್ವದಲ್ಲಿ ಹೊರಟಿತಾದರೂ, ಪತ್ರಿಕೆಗೂ ಶಾಸನಸಭೆಗೂ ಸಂಬಂಧ ಬೆಳೆಯಲು ಪ್ರಜಾಪ್ರತಿನಿಧಿ ಸಂಸ್ಥೆಗಳು ಹುಟ್ಟುವವರೆಗೆ ಕಾಯಬೇಕಾಯಿತು. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯೂ 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಸ್ಥಾಪಿತವಾದ ಮೇಲೆ, ತಾತಯ್ಯನೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು, ಡಿ.ವಿ. ಗುಂಡಪ್ಪನವರು ಮೊದಲಾದ ಪತ್ರಿಕಾಕರ್ತರು ಈ ಸಭೆಗಳಲ್ಲಿ ಕುಳಿತು ಮಾತನಾಡಿದರು. ಬ್ರಿಟಿಷ್ ಇಂಡಿಯಾದಲ್ಲಿ 'ಬೆಂಗಾಲಿ' ಪತ್ರಿಕೆಯ ಸುರೇಂದ್ರನಾಥ ಬ್ಯಾನರ್ಜಿಯವರೂ, 'ಸುಧಾರಕ'ದಲ್ಲಿ ಬರೆದ ಗೋಪಾಲಕೃಷ್ಣ ಗೋಖಲೆಯವರೂ ಇದೇ ಮಾರ್ಗದಲ್ಲಿ ನಡೆದಿದ್ದರು. ಹೊರದೇಶಗಳಲ್ಲಿಯೂ ಇದು ಅಪೂರ್ವವಲ್ಲ: ಬೋಯರ್ ಯುದ್ಧದ ಬಾತ್ಮೀದಾರನಾಗಿ ಹೆಸರಾದ ವಿನ್‌ಸ್ಟನ್ ಚರ್ಚಿಲ್ 1900ರಲ್ಲಿ ಬ್ರಿಟಿಷ್ ಪಾರ್ಲಿಮೆಂಟನ್ನು ಪ್ರವೇಶಿಸಿದನು, 'ಸ್ಪೆಕ್ಟೇಟರ್' ವಾರಪತ್ರಿಕೆಯ ಸಂಪಾದಕನಾಗಿರುವಾಗಲೇ ಬೋರಿಸ್ ಜಾನ್ಸನ್ 2001ರಲ್ಲಿ ಆರಿಸಿಬಂದನು.

ಮುಂಬಯಿ ಕರ್ನಾಟಕದಲ್ಲಿ ಪರಿಸ್ಥಿತಿಯು ಮೈಸೂರಿಗಿಂತ ಭಿನ್ನವಾಗಿದ್ದಿತು. ಇಂದು ಒಂದೇ ಜಿಲ್ಲೆಯಲ್ಲಿರುವ ಊರುಗಳು ಆಗ ಒಂದೇ ಆಳಿಕೆಯಲ್ಲಿರಲಿಲ್ಲ; ಗದಗ ಮುಂಬಯಿ ಪ್ರಾಂತಕ್ಕೂ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಹೀಗೆ ಹರಿದು ಹಂಚಿಹೋಗಿದ್ದ ನಾಡಿನಲ್ಲಿ ಎಲ್ಲ ಕನ್ನಡಿಗರನ್ನೂ ಒಟ್ಟಿಗೆ ಸಂಬೋಧಿಸಬಲ್ಲ ಶಾಸನಸಭೆಯೇ ಇಲ್ಲದಿದ್ದುದರಿಂದ, ಆ ಕೆಲಸವನ್ನು ಧಾರವಾಡ ಹುಬ್ಬಳ್ಳಿಗಳ ಪತ್ರಿಕೆಗಳು ಮಾಡಬೇಕಾಯಿತು. ಸಂಪಾದಕನು ರಾಜಕೀಯ ಮುಂದಾಳುವಾಗಿಯೂ ಬೆಳೆದುದಕ್ಕೆ ಇದೇ ಮುಖ್ಯ ಕಾರಣವೆಂದು ಹೇಳಬಹುದು.

ಕಾನೂನಿನ ಚೌಕಟ್ಟು

ಸಂವಿಧಾನದ 84ನೆಯ ಅನುಚ್ಛೇದದ ಪ್ರಕಾರ ಲೋಕಸಭೆಗೆ 25, ರಾಜ್ಯಸಭೆಗೆ 30 ವರ್ಷ ತುಂಬಿದ ಭಾರತೀಯ ಪೌರನು ಅರ್ಹನು; ಪತ್ರಕರ್ತನಿಗೆ ಬೇರೆ ಅರ್ಹತೆಯೂ ಇಲ್ಲ, ಖಾಸಗಿ ಪತ್ರಿಕೆಯ ನೌಕರಿಯಲ್ಲಿರುವುದು ಅನರ್ಹತೆಯೂ ಅಲ್ಲ. ಕರ್ನಾಟಕಕ್ಕೆ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12 ಸ್ಥಾನಗಳಿವೆ. ರಾಜ್ಯಸಭೆಯ ಸದಸ್ಯರನ್ನು ವಿಧಾನಸಭೆಯ ಚುನಾಯಿತ ಸದಸ್ಯರು ಆರಿಸುತ್ತಾರೆ. ಇವರಲ್ಲದೆ ಸಾಹಿತ್ಯ, ವಿಜ್ಞಾನ, ಕಲೆ ಮತ್ತು ಸಮಾಜಸೇವೆಗಳಲ್ಲಿ ವಿಶೇಷ ಜ್ಞಾನ ಅಥವಾ ಅನುಭವವುಳ್ಳ 12 ಮಂದಿಯನ್ನು 80ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳು ನಾಮಕರಣ ಮಾಡುತ್ತಾರೆ. ಈ ನಾಲ್ಕು ಕ್ಷೇತ್ರಗಳಲ್ಲಿ ಪತ್ರಿಕಾವೃತ್ತಿಯ ಹೆಸರಿಲ್ಲ. ಆದರೂ ಖುಷ್ವಂತ್ ಸಿಂಗ್, ಕುಲದೀಪ್ ನಯ್ಯರ್ ಮೊದಲಾದವರು ನಾಮಕರಣದಿಂದಲೇ ಸದನಕ್ಕೆ ಬಂದರು.

ಸದಸ್ಯನಾದ ಪತ್ರಕರ್ತನ ಮಾತಿಗೆ ದೊರೆಯುವ ರಕ್ಷಣೆಯು ಅವನ ಬರೆಹಕ್ಕೆ ದೊರೆಯುತ್ತಿದ್ದ ರಕ್ಷಣೆಗಿಂತ ಬಹಳ ದೊಡ್ಡದು. ಪತ್ರಿಕೆಯಲ್ಲಿ ಬರೆದ ವಾಕ್ಯಕ್ಕಾಗಿ ಮಾನಹಾನಿಯ ಮೊಕದ್ದಮೆಯನ್ನು ಎದುರಿಸಬೇಕಾದವನು, ಅದೇ ವಾಕ್ಯವನ್ನು ಸದನದಲ್ಲಿ ಆಡಿದರೆ 105ನೆಯ ಅನುಚ್ಛೇದದ ಬಲದಿಂದ ಯಾವ ನ್ಯಾಯಾಲಯಕ್ಕೂ ಉತ್ತರ ಹೇಳಬೇಕಾಗಿಲ್ಲ. ಸದನದ ನಡವಳಿಕೆಯನ್ನು ಯಥಾರ್ಥವಾಗಿ ವರದಿ ಮಾಡುವ ಪತ್ರಿಕೆಗೂ ರಕ್ಷಣೆ ಬೇಕೆಂದು ಫಿರೋಜ್ ಗಾಂಧಿಯವರು, ತಾವೇ ಪತ್ರಿಕಾಸಂಸ್ಥೆಗಳ ವ್ಯವಸ್ಥೆಯನ್ನು ನೋಡಿಕೊಂಡ ಅನುಭವಿಗಳಾಗಿದ್ದು, ಖಾಸಗಿ ಸದಸ್ಯರ ಮಸೂದೆಯೊಂದನ್ನು ತಂದರು. ಅದು 1956ರಲ್ಲಿ ಕಾಯಿದೆಯಾಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ರದ್ದಾಗಿ 1977ರಲ್ಲಿ ಮರಳಿ ಬಂದಿತು. ಅನಂತರ ಸಂವಿಧಾನದ 44ನೆಯ ತಿದ್ದುಪಡಿಯು 361-ಎ ಅನುಚ್ಛೇದದ ಮೂಲಕ ಅದಕ್ಕೆ ಸಂವಿಧಾನದ ಬೆಂಬಲವನ್ನೇ ಒದಗಿಸಿತು.

ಮಾತಿನ ಸ್ವಾತಂತ್ರ್ಯಕ್ಕೆ ಹೀಗೆ ರಕ್ಷಣೆಯಿದ್ದರೂ ಮತದ ಸ್ವಾತಂತ್ರ್ಯಕ್ಕೆ ಮಿತಿಯುಂಟು. 1985ರಲ್ಲಿ ಹತ್ತನೆಯ ಅನುಸೂಚಿಯು ಸಂವಿಧಾನಕ್ಕೆ ಸೇರಿದಂದಿನಿಂದ, ಪಕ್ಷದ ಸಚೇತಕಾಜ್ಞೆಯನ್ನು ಮೀರಿ ಮತ ಹಾಕಿದ ಸದಸ್ಯನು ಸ್ಥಾನವನ್ನು ಕಳೆದುಕೊಳ್ಳುವ ಸಂಭವವಿದೆ. ಪಕ್ಷೇತರನಾಗಿ ಗೆದ್ದವನು ಯಾವ ಪಕ್ಷವನ್ನೂ ಸೇರುವಂತಿಲ್ಲ; ನಾಮಕರಣಗೊಂಡವನಿಗೆ ಮಾತ್ರ ಮೊದಲ ಆರು ತಿಂಗಳ ಅವಕಾಶವಿದೆ. ಸ್ವಂತ ಅಭಿಪ್ರಾಯವನ್ನು ಹೇಳುವುದೇ ಕಸುಬಾಗಿದ್ದವನಿಗೆ ಈ ನಿರ್ಬಂಧವು ಉಳಿದವರಿಗಿಂತ ಹೆಚ್ಚು ತಾಗುತ್ತದೆಂಬುದು ಸಹಜ. ಮುಂದೆ ಹೇಳತಕ್ಕ ಹಳೆಯ ಪೀಳಿಗೆಯ ಸಂಪಾದಕರೆಲ್ಲರೂ ಈ ಅನುಸೂಚಿಗಿಂತ ಮೊದಲಿನವರು.

ಕರಾವಳಿಯ ಸಂಪಾದಕರು

ಬೆನೆಗಲ್ ಶಿವರಾಯರು (1891-1975) ಮಂಗಳೂರಿನ ಮೂಲದವರು. 'ದಿ ಹಿಂದು' ಮತ್ತು ಇಂಗ್ಲೆಂಡಿನ 'ಮ್ಯಾಂಚೆಸ್ಟರ್ ಗಾರ್ಡಿಯನ್' ಪತ್ರಿಕೆಗಳಿಗೆ ದೆಹಲಿಯ ಬಾತ್ಮೀದಾರರಾಗಿದ್ದವರು. ಸಂವಿಧಾನ ಸಭೆಯ ಸಲಹೆಗಾರರಾದ ಬೆನೆಗಲ್ ನರಸಿಂಗರಾಯರ ಸಹೋದರರು. ಸಂವಿಧಾನ ಸಭೆಯ ಸದಸ್ಯರಾಗಿದ್ದು, 1952ರಲ್ಲಿ ದಕ್ಷಿಣ ಕನ್ನಡದಿಂದ ಮೊದಲ ಲೋಕಸಭೆಗೆ ಆರಿಸಿಬಂದು, 1957ರಿಂದ 1960ರವರೆಗೆ ರಾಜ್ಯಸಭೆಯಲ್ಲಿದ್ದರು. ಸಂವಿಧಾನ ರಚನೆಯ ದಾಖಲೆಗಳನ್ನು ಅವರು ಸಂಪಾದಿಸಿ ಪ್ರಕಟಿಸಿದ ಸಂಪುಟಗಳು ಇಂದಿಗೂ ಆ ವಿಷಯದ ಆಕರಗ್ರಂಥಗಳಾಗಿವೆ. ಸದಸ್ಯನಾಗಿ ಕಂಡದ್ದನ್ನು ಸಂಪಾದಕನ ಶಿಸ್ತಿನಿಂದ ದಾಖಲಿಸಿದ ಇಂಥ ನಿದರ್ಶನ ಮತ್ತೊಂದು ಸಿಗುವುದು ಕಷ್ಟ.

ಉತ್ತರ ಕನ್ನಡದ ಲೋಕಸಭಾ ಕ್ಷೇತ್ರವು ಈ ಅಧ್ಯಯನಕ್ಕೆ ವಿಶೇಷವಾದುದು. 1952ರಿಂದ ಸುಮಾರು ಎರಡು ದಶಕಗಳ ಕಾಲ ಅದನ್ನು ಪ್ರತಿನಿಧಿಸಿದ ಇಬ್ಬರೂ ಪತ್ರಿಕೆ ನಡೆಸಿದವರೇ ಆಗಿದ್ದರು. ಮೊದಲಿನವರಾದ ಜೋಕಿಂ ಆಳ್ವರು ಉಡುಪಿಯ ಕಡೆಯವರಾಗಿದ್ದು, 1943ರಲ್ಲಿ ಮುಂಬಯಿಯಲ್ಲಿ 'ಫೋರಂ' ಎಂಬ ಇಂಗ್ಲಿಷ್ ವಾರಪತ್ರಿಕೆಯನ್ನು ಆರಂಭಿಸಿದ್ದರು. 1952, 1957, 1962ರ ಮೂರು ಚುನಾವಣೆಗಳಲ್ಲಿಯೂ ಗೆದ್ದು, ತರುವಾಯ 1968ರಿಂದ 1974ರವರೆಗೆ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದರು. ಅವರ ಪತ್ನಿ ವಾಯೊಲೆಟ್ ಆಳ್ವರು ಮಹಿಳೆಯರಿಗಾಗಿ 'ಬೇಗಂ' ಎಂಬ ಪತ್ರಿಕೆಯನ್ನು ಹೊರಡಿಸಿದವರು. 1962ರಿಂದ 1969ರವರೆಗೆ ರಾಜ್ಯಸಭೆಯ ಉಪಸಭಾಪತಿಗಳು. ಎರಡನೆಯವರಾದ ದಿನಕರ ದೇಸಾಯಿಯವರು ಚುಟುಕುಗಳ ಕವಿಯೆಂದೇ ಕನ್ನಡಿಗರಿಗೆ ಹೆಚ್ಚು ಪರಿಚಿತರಾದರೂ, ಭಾರತ ಸೇವಕ ಸಮಾಜದ ಕಾರ್ಯಕರ್ತರಾಗಿ, ಕೆನರಾ ವೆಲ್ಫೇರ್ ಟ್ರಸ್ಟಿನ ಸ್ಥಾಪಕರಾಗಿ, 'ಜನಸೇವಕ' ವಾರಪತ್ರಿಕೆಯ ಸಂಪಾದಕರಾಗಿ ಜಿಲ್ಲೆಯ ರೈತರ ಪಕ್ಷವನ್ನು ವಹಿಸಿದ್ದವರು. 1967ರಲ್ಲಿ ಯಾವ ಪಕ್ಷದ ಹೆಸರೂ ಇಲ್ಲದೆ ಪಕ್ಷೇತರರಾಗಿ ನಿಂತು ಗೆದ್ದರು. ಈ ಗೆಲುವಿಗೆ ಪತ್ರಿಕೆಗಿಂತ ಅವರು ಕಟ್ಟಿದ ಶಾಲೆಗಳೂ ರೈತಹೋರಾಟವೂ ಹೆಚ್ಚು ಕಾರಣವಾಗಿರಬೇಕು.

ಇದೇ ಪ್ರಾಂತದ ಜಾರ್ಜ್ ಫರ್ನಾಂಡಿಸರೂ ಯೌವನದಲ್ಲಿ 'ಕೊಂಕಣಿ ಯುವಕ' ಮತ್ತು ಕನ್ನಡದ 'ರೈತವಾಣಿ' ಪತ್ರಿಕೆಗಳನ್ನು ನಡೆಸಿದ್ದುಂಟು. ಆದರೆ 1967ರಲ್ಲಿ ಅವರನ್ನು ಮುಂಬಯಿಯಿಂದ ಲೋಕಸಭೆಗೆ ಕಳುಹಿಸಿದುದು ಕಾರ್ಮಿಕ ಸಂಘಟನೆಯಾದುದರಿಂದ ಅವರನ್ನು ಈ ವರ್ಗದಲ್ಲಿ ಎಣಿಸುವುದು ಸರಿಯಾಗದು.

ಧಾರವಾಡ ಪ್ರಾಂತದ ಪರಂಪರೆ

ರಂಗನಾಥ ರಾಮಚಂದ್ರ ದಿವಾಕರರು (1894-1990) ಧಾರವಾಡದಿಂದ 1921ರಲ್ಲಿ 'ಕರ್ಮವೀರ' ವಾರಪತ್ರಿಕೆಯನ್ನು ಹೊರಡಿಸಿದರು. ಮುಂದೆ ಲೋಕಶಿಕ್ಷಣ ಟ್ರಸ್ಟಿನ ಮೂಲಕ ಹುಬ್ಬಳ್ಳಿಯ 'ಸಂಯುಕ್ತ ಕರ್ನಾಟಕ'ಕ್ಕೆ ಆಧಾರವಾಗಿ ನಿಂತರು. ಸಂವಿಧಾನ ಸಭೆಯ ಸದಸ್ಯತ್ವ, ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಪದ, 1952ರಿಂದ 1957ರವರೆಗೆ ಬಿಹಾರದ ರಾಜ್ಯಪಾಲತ್ವ, 1962ರಿಂದ 1968ರವರೆಗೆ ರಾಜ್ಯಸಭೆಯ ನಾಮಕರಣ ಸದಸ್ಯತ್ವ ಇವು ಅವರು ನಿರ್ವಹಿಸಿದ ಸ್ಥಾನಗಳು. ಸರಕಾರದಿಂದ ಸೆರೆವಾಸವನ್ನನುಭವಿಸಿದ ಪತ್ರಿಕೆಯ ಮನುಷ್ಯನು ಪತ್ರಿಕೆಗಳಿಗೆ ಸಂಬಂಧಪಟ್ಟ ಖಾತೆಯನ್ನೇ ವಹಿಸಿಕೊಂಡುದು ಆ ಕಾಲದ ಬದಲಾವಣೆಯ ವೇಗವನ್ನು ತೋರಿಸುತ್ತದೆ.

ಗದಗ ಪರಿಸರಕ್ಕೆ ಅತ್ಯಂತ ಸಮೀಪದ ಹಾಗೂ ಸಂಪೂರ್ಣ ಕನ್ನಡದ್ದೇ ಆದ ನಿದರ್ಶನವೆಂದರೆ ಪಾಟೀಲ ಪುಟ್ಟಪ್ಪನವರದು. ಹಾವೇರಿಯ ಬಳಿಯ ಕುರುಬಗೊಂಡದಲ್ಲಿ ಹುಟ್ಟಿ, ಕಾನೂನನ್ನು ಓದಿಯೂ ವಕೀಲಿಯಲ್ಲಿ ನಿಲ್ಲದೆ, ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮವನ್ನು ಅಭ್ಯಾಸ ಮಾಡಿ ಬಂದ ಅವರು, ಪತ್ರಿಕಾವೃತ್ತಿಗೆ ಶಾಸ್ತ್ರೀಯ ಶಿಕ್ಷಣವೆಂಬುದೇ ಈ ಭಾಗದಲ್ಲಿ ಅಪರೂಪವಾಗಿದ್ದ ಕಾಲದಲ್ಲಿ ಅದನ್ನು ಪಡೆದವರಲ್ಲೊಬ್ಬರು. 'ವಿಶಾಲ ಕರ್ನಾಟಕ', 'ನವಯುಗ'ಗಳಲ್ಲಿ ಸಂಪಾದಕರಾಗಿದ್ದು, 1954ರಲ್ಲಿ ಹುಬ್ಬಳ್ಳಿಯಿಂದ 'ಪ್ರಪಂಚ' ವಾರಪತ್ರಿಕೆಯನ್ನೂ ತರುವಾಯ 'ವಿಶ್ವವಾಣಿ' ದಿನಪತ್ರಿಕೆಯನ್ನೂ ಆರಂಭಿಸಿದರು. 'ಪ್ರಪಂಚ' ಹೊರಟ ಕಾಲವು ಏಕೀಕರಣದ ಚಳವಳಿ ಕಾವೇರಿದ್ದ ಕಾಲ. ಅದರ ಹಿಂದಿನ ವರ್ಷ, 1953ರ ಏಪ್ರಿಲಿನಲ್ಲಿ, ಅದರಗುಂಚಿ ಶಂಕರಗೌಡ ಪಾಟೀಲರ ಉಪವಾಸದ ಸಂದರ್ಭದಲ್ಲಿ ಹುಬ್ಬಳ್ಳಿಯಲ್ಲಿ ದೊಡ್ಡ ಗಲಭೆಯಾಗಿದ್ದಿತು. ಇಂಥ ದಿನಗಳಲ್ಲಿ ಕನ್ನಡ ವಾರಪತ್ರಿಕೆಯೊಂದರ ಸಂಪಾದಕನು ನಾಡಿನ ರಾಜಕೀಯದಿಂದ ದೂರ ನಿಲ್ಲುವುದು ಸಾಧ್ಯವೇ ಇರಲಿಲ್ಲ.

1962ರಲ್ಲಿ ಪುಟ್ಟಪ್ಪನವರು ಆಗಿನ ಮೈಸೂರು ರಾಜ್ಯದಿಂದ ರಾಜ್ಯಸಭೆಗೆ ಆಯ್ಕೆಯಾಗಿ, ಎರಡು ಪೂರ್ಣಾವಧಿಗಳ ಕಾಲ, ಅಂದರೆ 1974ರವರೆಗೆ, ಸದಸ್ಯರಾಗಿದ್ದರು. ಇಲ್ಲಿ ಗಮನಿಸತಕ್ಕ ಅಂಶವೆಂದರೆ ಅವರು ಆರಿಸಿಕೊಂಡ ದ್ವಾರ. ರಾಜ್ಯಸಭೆಯ ಮತದಾರರು ಶಾಸಕರಾದುದರಿಂದ, ಊರೂರು ತಿರುಗುವ ಪ್ರಚಾರವೂ ಅದಕ್ಕೆ ಬೇಕಾದ ಹಣವೂ ಇಲ್ಲದೆ, ರಾಜ್ಯದಾದ್ಯಂತ ಓದುಗರನ್ನು ಪಡೆದ ಹೆಸರು ಮತ್ತು ಪಕ್ಷದ ಸಮ್ಮತಿ ಇವೆರಡೇ ಸಾಕಾಗುತ್ತಿದ್ದವು. ಒಂದು ಕ್ಷೇತ್ರದ ರಸ್ತೆ ಬಾವಿಗಳ ಹೊಣೆಯಿಲ್ಲದಿದ್ದುದರಿಂದ ಸದಸ್ಯತ್ವದ ಜೊತೆಯಲ್ಲಿಯೇ ಪತ್ರಿಕೆಯ ಬರೆಹವನ್ನೂ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಅಧ್ಯಕ್ಷತೆಯನ್ನೂ ನಿರ್ವಹಿಸುವುದು ಅವರಿಗೆ ಸಾಧ್ಯವಾಯಿತು. ಸಂಸತ್ತಿನಿಂದ ನಿವೃತ್ತರಾದ ಮೇಲೆ ಅವರ ಸಾರ್ವಜನಿಕ ಜೀವನ ಮುಗಿಯದೆ ಇನ್ನಷ್ಟು ವಿಸ್ತಾರವಾದುದು ವಿಶೇಷ: ಕನ್ನಡ ಕಾವಲು ಸಮಿತಿ ಹಾಗೂ ಗಡಿ ಸಲಹಾ ಸಮಿತಿಗಳ ಮೊದಲ ಅಧ್ಯಕ್ಷರಾದರು, 2003ರಲ್ಲಿ ಬೆಳಗಾವಿಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದರು. 2020ರ ಮಾರ್ಚ್ 16ರಂದು ಹುಬ್ಬಳ್ಳಿಯಲ್ಲಿ ನಿಧನರಾದರು. ನಾಡಿನ ಜನ ಅವರನ್ನು ಪಾಪು ಎಂಬ ಸಂಕ್ಷಿಪ್ತನಾಮದಿಂದ ನೆನೆಯುತ್ತಾರೆ. ಮಾಜಿ ಸಂಸದರೆಂಬ ವಿಶೇಷಣವು ಆ ಹೆಸರಿನ ಜೊತೆ ಹೆಚ್ಚಾಗಿ ಕೇಳಿಬರುವುದಿಲ್ಲ.

1962ರಲ್ಲಿ ದಿವಾಕರ, ಪುಟ್ಟಪ್ಪ, ವಾಯೊಲೆಟ್ ಆಳ್ವ ಈ ಮೂವರೂ ರಾಜ್ಯಸಭೆಯಲ್ಲಿಯೂ, ಜೋಕಿಂ ಆಳ್ವರು ಲೋಕಸಭೆಯಲ್ಲಿಯೂ ಏಕಕಾಲಕ್ಕೆ ಇದ್ದರು. ಕನ್ನಡನಾಡಿನ ಪತ್ರಿಕಾಲೋಕವು ಸಂಸತ್ತಿನಲ್ಲಿ ಅಷ್ಟು ದಟ್ಟವಾಗಿ ಕಾಣಿಸಿಕೊಂಡ ಕಾಲ ಅದು. ಪುಟ್ಟಪ್ಪನವರ ಮತ್ತು ಜೋಕಿಂ ಆಳ್ವರ ಅವಧಿಗಳೆರಡೂ 1974ರಲ್ಲಿಯೇ ಮುಗಿದವು.

ಸಂಸತ್ತಿನಿಂದ ಪತ್ರಿಕೆಗೆ

ಗದಗ ಪಟ್ಟಣವು ಮುದ್ರಣ ಮತ್ತು ಪುಸ್ತಕ ಪ್ರಕಾಶನಗಳಿಗೆ ಹಿಂದಿನಿಂದಲೂ ಹೆಸರಾದುದು, ಬಿ.ಜಿ. ಸಂಕೇಶ್ವರ ಕಂಪನಿಯ ನಿಘಂಟುಗಳು ಕರ್ನಾಟಕದ ಶಾಲಾಮಕ್ಕಳ ಕೈಯಲ್ಲೆಲ್ಲ ಓಡಾಡಿದವು. ಆ ಮನೆತನದ ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದು ಲಾರಿಯೊಡನೆ ಸಾರಿಗೆಯ ಉದ್ಯಮವನ್ನಾರಂಭಿಸಿ, ಅದನ್ನು ದೊಡ್ಡ ಸಂಸ್ಥೆಯಾಗಿ ಬೆಳೆಸಿ, ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ 1996, 1998, 1999ರಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದರು. 'ವಿಜಯ ಕರ್ನಾಟಕ' ದಿನಪತ್ರಿಕೆಯನ್ನು ಅವರು ಸ್ಥಾಪಿಸಿದುದು 1999ರಲ್ಲಿ, ಸಂಸದರಾದ ಮೇಲೆ. ಆ ಪತ್ರಿಕೆಯನ್ನು 2006ರಲ್ಲಿ ಟೈಮ್ಸ್ ಸಮೂಹಕ್ಕೆ ಮಾರಿ, 2012ರಲ್ಲಿ 'ವಿಜಯವಾಣಿ'ಯನ್ನು ಆರಂಭಿಸಿದರು. ಮೇಲಿನ ಪರಿಭಾಷೆಯಂತೆ ಅವರು ಪತ್ರೋದ್ಯಮಿ. ಪ್ರಯಾಣದ ದಿಕ್ಕೂ ಇಲ್ಲಿ ತಿರುಗುಮುರುಗಾಗಿದೆ. ಆದರೂ ಈ ನಿದರ್ಶನವನ್ನು ಬಿಟ್ಟರೆ ಮುಂದಿನ ಭಾಗದ ಕಥೆ ಅಪೂರ್ಣವಾದೀತು.

ಅಂಕಣಕಾರನ ಪ್ರವೇಶ

ಪ್ರತಾಪ ಸಿಂಹ ಅವರು ಸಕಲೇಶಪುರದವರು. 'ವಿಜಯ ಕರ್ನಾಟಕ'ದಲ್ಲಿ ವೃತ್ತಿಯನ್ನಾರಂಭಿಸಿ, 'ಬೆತ್ತಲೆ ಜಗತ್ತು' ಎಂಬ ಅಂಕಣದಿಂದ ದೊಡ್ಡ ಓದುಗವರ್ಗವನ್ನು ಗಳಿಸಿ, ತರುವಾಯ 'ಕನ್ನಡಪ್ರಭ'ದಲ್ಲಿ ಕೆಲಸ ಮಾಡಿದರು. ನರೇಂದ್ರ ಮೋದಿಯವರ ಜೀವನಚರಿತ್ರೆಯೊಂದನ್ನೂ ಕನ್ನಡದಲ್ಲಿ ಬರೆದಿದ್ದರು. 2014ರಲ್ಲಿ ಪತ್ರಿಕೆಯನ್ನು ಬಿಟ್ಟು ಭಾರತೀಯ ಜನತಾ ಪಕ್ಷದಿಂದ ಮೈಸೂರು ಲೋಕಸಭಾ ಕ್ಷೇತ್ರದಲ್ಲಿ ನಿಂತು, ಕಾಂಗ್ರೆಸ್ಸಿನ ಎಚ್. ವಿಶ್ವನಾಥರನ್ನು 31,608 ಮತಗಳಿಂದ ಸೋಲಿಸಿದರು, 2019ರಲ್ಲಿ ಸಿ.ಎಚ್. ವಿಜಯಶಂಕರರ ಎದುರು ಅಂತರವು 1,38,647ಕ್ಕೆ ಏರಿತು. ಸಂಸದರಾಗಿದ್ದಾಗ ಭಾರತೀಯ ಪತ್ರಿಕಾ ಪರಿಷತ್ತಿನ ಸದಸ್ಯರೂ ಆಗಿದ್ದರು. 2024ರಲ್ಲಿ ಪಕ್ಷವು ಅವರಿಗೆ ಟಿಕೆಟನ್ನು ಕೊಡದೆ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರನ್ನು ನಿಲ್ಲಿಸಿತು, ಒಡೆಯರು ಗೆದ್ದರು.

ಹಳೆಯ ಪರಂಪರೆಗೂ ಇದಕ್ಕೂ ಇರುವ ಭೇದ ಸ್ಪಷ್ಟವಾಗಿದೆ. ಪುಟ್ಟಪ್ಪನವರಿಗೆ ಸ್ವಂತ ಪತ್ರಿಕೆಯಿದ್ದಿತು, ಸದಸ್ಯತ್ವದ ಕಾಲದಲ್ಲಿಯೂ ಅನಂತರವೂ ಅವರು ಸಂಪಾದಕರೇ ಆಗಿದ್ದರು. ಅಂಕಣಕಾರನು ಅನ್ಯರ ಪತ್ರಿಕೆಯಲ್ಲಿ ಬರೆಯುವವನು. ಪಕ್ಷದ ಅಭ್ಯರ್ಥಿಯಾದೊಡನೆ ಅವನು ಆ ಸ್ಥಾನವನ್ನು ತೊರೆಯಬೇಕಾಗುತ್ತದೆ, ಮುಂದಿನ ಅವಕಾಶವು ಪಕ್ಷದ ತೀರ್ಮಾನವನ್ನೇ ಅವಲಂಬಿಸುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ಲಕ್ಷಾಂತರ ಮತದಾರರ ಮುಂದೆ ನೇರವಾಗಿ ನಿಂತು ಎರಡು ಸಲ ಗೆದ್ದುದು ರಾಜ್ಯಸಭೆಯ ಮಾರ್ಗದಲ್ಲಿ ಬಂದವರಿಗೆ ಇರದಿದ್ದ ಪರೀಕ್ಷೆಯೇ ಸರಿ.

ವೃತ್ತಿಗುಣಗಳ ಉಪಯೋಗ

ಪ್ರಶ್ನೋತ್ತರದ ವೇಳೆ, ಶೂನ್ಯವೇಳೆ, ಸ್ಥಾಯೀಸಮಿತಿಗಳ ಕಲಾಪ ಇವುಗಳಲ್ಲಿ ವಿಷಯಸಂಗ್ರಹಣೆ, ಕಡತಗಳ ಪರಿಶೀಲನೆ, ಸಂಕ್ಷಿಪ್ತ ನಿರೂಪಣೆ ಎಂಬ ಪತ್ರಕರ್ತನ ಅಭ್ಯಾಸಗಳು ನೇರವಾಗಿ ಉಪಯೋಗಕ್ಕೆ ಬರುತ್ತವೆ. ಕ್ಷೇತ್ರದ ಕೆಲಸವಾದರೋ ಬೇರೆಯೇ ಬಗೆಯದು. 1993ರಲ್ಲಿ ಆರಂಭವಾದ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಪ್ರತಿ ಸದಸ್ಯನ ಪಾಲಿಗೆ 2011-12ರಿಂದ ವರ್ಷಕ್ಕೆ 5 ಕೋಟಿ ರೂಪಾಯಿ ನಿಗದಿಯಾಗಿದ್ದು, ಕಾಮಗಾರಿಗಳನ್ನು ಶಿಫಾರಸು ಮಾಡುವ ಹೊಣೆ ಅವನ ಮೇಲಿರುತ್ತದೆ. ಸಮುದಾಯ ಭವನ, ಕುಡಿಯುವ ನೀರು, ರೈಲ್ವೆ ಮೇಲ್ಸೇತುವೆಗಳ ಅಹವಾಲುಗಳನ್ನು ಆಲಿಸುವ ಈ ಕಾರ್ಯಕ್ಕೆ ಸಂಪಾದಕೀಯ ಬರೆದ ಅನುಭವವು ಹೆಚ್ಚಿನ ಸಹಾಯ ಮಾಡುವುದಿಲ್ಲ.

ಭಾಷೆಯದು ಇನ್ನೊಂದು ತೊಡಕು. ಕನ್ನಡ ಪತ್ರಕರ್ತನ ಶಕ್ತಿಯೆಲ್ಲವೂ ಅವನ ಕನ್ನಡದಲ್ಲಿದೆ. ಸಂಸತ್ತಿನ ವ್ಯವಹಾರವಾದರೋ 120ನೆಯ ಅನುಚ್ಛೇದದಂತೆ ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯತಕ್ಕದ್ದು, ಅವೆರಡರಲ್ಲಿಯೂ ತಕ್ಕಷ್ಟು ಅಭಿವ್ಯಕ್ತಿಯಿಲ್ಲದವನು ಮಾತ್ರ ಅಧ್ಯಕ್ಷರ ಅನುಮತಿಯಿಂದ ಮಾತೃಭಾಷೆಯಲ್ಲಿ ಮಾತನಾಡಬಹುದು. 1967ರಲ್ಲಿ ಶಿವಮೊಗ್ಗದಿಂದ ಆರಿಸಿಹೋದ ಜೆ.ಎಚ್. ಪಟೇಲರು, ಪತ್ರಕರ್ತರಲ್ಲದಿದ್ದರೂ, ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ದಾರಿ ಮಾಡಿಕೊಟ್ಟರು. ಈಗ ಸದನದಲ್ಲಿ ಏಕಕಾಲಿಕ ಭಾಷಾಂತರದ ವ್ಯವಸ್ಥೆಯಿದೆ.

ಈಗಿನ ಸ್ಥಿತಿ

ಅಖಿಲ ಭಾರತ ಮಟ್ಟದಲ್ಲಿ ಪತ್ರಕರ್ತರು ಈಗಲೂ ಹೆಚ್ಚಾಗಿ ರಾಜ್ಯಸಭೆಯ ಮಾರ್ಗವನ್ನೇ ಹಿಡಿಯುತ್ತಿದ್ದಾರೆ. 'ಪ್ರಭಾತ್ ಖಬರ್' ಪತ್ರಿಕೆಯ ಸಂಪಾದಕರಾಗಿದ್ದ ಹರಿವಂಶ್ ನಾರಾಯಣ್ ಸಿಂಗ್ 2014ರಲ್ಲಿ ಬಿಹಾರದಿಂದ ಬಂದು 2018ರಲ್ಲಿ ಉಪಸಭಾಪತಿಗಳಾದರು. ಮರಾಠಿಯ ಕುಮಾರ್ ಕೇತ್ಕರ್ 2018ರಲ್ಲಿ, ಸಾಗರಿಕಾ ಘೋಷ್ 2024ರಲ್ಲಿ ಸದಸ್ಯರಾದರು. ಸದಸ್ಯನು ತಾನು ಪ್ರತಿನಿಧಿಸುವ ರಾಜ್ಯದ ಮತದಾರನೇ ಆಗಿರಬೇಕೆಂಬ ನಿಯಮವನ್ನು 2003ರಲ್ಲಿ ತೆಗೆದುಹಾಕಿದ ಮೇಲೆ ದೆಹಲಿಯ ಪತ್ರಕರ್ತರಿಗೆ ಬೇರೆ ರಾಜ್ಯಗಳ ಬಾಗಿಲೂ ತೆರೆದಿದೆ. ಪ್ರಾದೇಶಿಕ ಭಾಷೆಯ ಸಂಪಾದಕನಿಗೆ ಇದರಿಂದ ಲಾಭವಾಗಿದೆಯೆಂದು ಹೇಳುವಂತಿಲ್ಲ.

1978ರ ಕಾಯಿದೆಯ ಮೇರೆಗೆ ರಚಿತವಾದ ಪತ್ರಿಕಾ ಪರಿಷತ್ತಿನ 28 ಸದಸ್ಯಸ್ಥಾನಗಳಲ್ಲಿ 5 ಸಂಸದರಿಗೆ ಮೀಸಲಾಗಿದ್ದು, ಅವರಲ್ಲಿ ಮೂವರನ್ನು ಲೋಕಸಭೆಯ ಅಧ್ಯಕ್ಷರೂ ಇಬ್ಬರನ್ನು ರಾಜ್ಯಸಭೆಯ ಸಭಾಪತಿಗಳೂ ನೇಮಿಸುತ್ತಾರೆ. ವೃತ್ತಿಯನ್ನು ತೊರೆದುಹೋದ ಪತ್ರಕರ್ತನು ಅದೇ ವೃತ್ತಿಯ ನಡತೆಯನ್ನು ವಿಚಾರಿಸುವ ಪೀಠದಲ್ಲಿ ಕುಳಿತುಕೊಳ್ಳಬಹುದಾದ ಏರ್ಪಾಡು ಇದು. ಕಾಸಿಗಾಗಿ ಸುದ್ದಿಯ ಸಮಸ್ಯೆಯ ಮೇಲೆ ಪರಿಷತ್ತು 2010ರಲ್ಲಿ ವರದಿಯನ್ನು ಒಪ್ಪಿಸಿದ ಬಳಿಕ, ಅಭ್ಯರ್ಥಿ ಹಾಗೂ ಪತ್ರಿಕೆಗಳ ನಡುವಣ ಸಂಬಂಧವನ್ನು ಚುನಾವಣಾ ಆಯೋಗವೂ ಗಮನಿಸುತ್ತಿದೆ.

ಧಾರವಾಡ ಜಿಲ್ಲೆಯು 1997ರಲ್ಲಿ ವಿಭಾಗವಾಗಿ ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದವು. 2008ರ ಕ್ಷೇತ್ರ ಪುನರ್ವಿಂಗಡಣೆಯಿಂದ ಗದಗ, ಶಿರಹಟ್ಟಿ ಮತ್ತು ರೋಣ ವಿಧಾನಸಭಾ ಕ್ಷೇತ್ರಗಳು ಹಾವೇರಿ ಲೋಕಸಭಾ ಕ್ಷೇತ್ರದಲ್ಲಿಯೂ, ನರಗುಂದವು ಬಾಗಲಕೋಟೆಯಲ್ಲಿಯೂ ಸೇರಿದವು. ಹಾವೇರಿಯಿಂದ 2009, 2014 ಮತ್ತು 2019ರಲ್ಲಿ ಶಿವಕುಮಾರ ಉದಾಸಿಯವರೂ 2024ರಲ್ಲಿ ಬಸವರಾಜ ಬೊಮ್ಮಾಯಿಯವರೂ ಆಯ್ಕೆಯಾಗಿದ್ದಾರೆ. ಪತ್ರಿಕಾವೃತ್ತಿಯಿಂದ ಬಂದವರಾರೂ ಈ ಕ್ಷೇತ್ರದಿಂದ ಇದುವರೆಗೆ ಲೋಕಸಭೆಗೆ ಹೋಗಿಲ್ಲ.